ಸುಳಿಗೆ ಬಿದ್ದ ನೀರು

ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ, ಬೆಳಗಿನ ಐದೂವರೆ. ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಹಿಂದಿನ ಮನೆ. ಹಾಜರಿದ್ದವರು ಮೂವರು: ನಾನು, ಆ ಮನೆಯ ಸೊಸೆ, ಬಾಡಿಗೆಯ ಗೂಡ್ಸ್ ಗಾಡಿಯ ಚಾಲಕ. ಆಗಬೇಕಾದ ಕೆಲಸ ಒಂದೇ. ಗಾಜಿನ ಕೋಣೆಯಲ್ಲಿ ಇನ್ನೂ ಜೀವ ಹಿಡಿದುಕೊಂಡಿದ್ದ ಸೀತಾಳೆ ಗಿಡಗಳನ್ನು ಬಿಸಿಲು ಏರುವುದರೊಳಗೆ ಲಿಂಗಸುಗೂರಿನ ನನ್ನ ಮನೆಗೆ ಮುಟ್ಟಿಸಬೇಕು.

ಸೀತಾಳೆ ಎಂದರೆ ಕಾಡಿನ ಆರ್ಕಿಡ್. ಮರದ ತೊಗಟೆಯನ್ನು ಅಪ್ಪಿಕೊಂಡು ಬೆಳೆಯುತ್ತದೆ. ಮರ ಅದಕ್ಕೆ ಕೂರುವ ಜಾಗ ಮಾತ್ರ, ಊಟವಲ್ಲ. ದಪ್ಪ ಬೇರುಗಳು ಗಾಳಿಯಲ್ಲಿ ಇಳಿಬಿದ್ದು ಮಳೆ, ಮಂಜಿನ ತೇವ ಹೀರುತ್ತವೆ, ಮತ್ತೆ ಒಣಗುತ್ತವೆ. ಈ ಒಣಗುವುದನ್ನೇ ಮನೆಯಲ್ಲಿ ಸಾಕುವವರು ಮರೆಯುತ್ತಾರೆ. ನೀರು ಹೆಚ್ಚಾಗಿ ಸತ್ತ ಸೀತಾಳೆಗಳೇ ನಾನು ಕಂಡವುಗಳಲ್ಲಿ ಜಾಸ್ತಿ.

ಈ ಗಿಡಗಳು ಸೊಸೆಯ ತಂದೆಯವು. ಅವರು ಘಟ್ಟದ ಕಡೆ ಅರಣ್ಯದ ಗಾರ್ಡ್ ಆಗಿದ್ದರು. ವಿದ್ಯುತ್ ತಂತಿ ಎಳೆಯಲು ಮರ ಕಡಿದಾಗ ನೆಲಕ್ಕೆ ಬಿದ್ದವನ್ನು ಮೇಲಿನವರ ಅನುಮತಿ ಪಡೆದು ಮನೆಗೆ ತಂದು ಸಾಕಿದ್ದರು. ನಿಂತ ಮರದಿಂದ ಒಂದನ್ನೂ ಕಿತ್ತವರಲ್ಲ. ಅವರು ತೀರಿಕೊಂಡ ಮೇಲೆ ಗಿಡಗಳು ಮಗಳೊಂದಿಗೆ ಸಿಂಧನೂರಿಗೆ ಬಂದವು. ಮಾವನವರು ಪ್ರೀತಿಯಿಂದಲೇ ಅವಕ್ಕೊಂದು ಗಾಜಿನ ಕೋಣೆ ಕಟ್ಟಿಸಿ, ನೋಡಿಕೊಳ್ಳಲು ನನ್ನನ್ನು ಗೊತ್ತು ಮಾಡಿದರು.

ಆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಅದರ ಸಂಕಟ ಗೊತ್ತು. ಬಾಗಿಲು ಮುಚ್ಚಿದರೆ ಒಳಗೆ ಬೇಯುತ್ತದೆ. ತೆರೆದರೆ ಗಿರಣಿಯ ಹೊಟ್ಟು ಸುಟ್ಟ ಕಪ್ಪು ಬೂದಿ ಒಳಬಂದು ಎಲೆಯ ಮೇಲೆ ಕೂರುತ್ತದೆ. ಬೂದಿ ತೊಳೆಯಲು ನೀರು ಹಾಕಿದರೆ ಗಾಳಿಯಿಲ್ಲದೆ ಬೇರು ಒಣಗುವುದಿಲ್ಲ. ಏಸಿ ಹಚ್ಚಿದರೆ ಗಾಳಿಯ ತೇವವೆಲ್ಲ ಹೋಗುತ್ತದೆ, ಕರೆಂಟು ಹೋದರೆ ಮತ್ತೆ ಒಲೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಪಾಚಿಯ ನಡುವೆ ಬದುಕುವ ಸಣ್ಣ ಜಾತಿಗಳು ಮೊದಲ ಬೇಸಿಗೆಯಲ್ಲೇ ಹೋದವು. ಗಟ್ಟಿ ಜಾತಿಗಳು ಉಳಿದವು, ಆದರೆ ಹೂ ಬಿಡುವುದನ್ನು ನಿಲ್ಲಿಸಿದವು.

ಆ ಮಾರ್ಚಿನ ಕೊನೆಗೆ ಸೀತಾಳೆ ದಂಡೆ ಎಂಬ ಜಾತಿಯ ಒಂದು ಗಿಡದ ಎಲೆಯ ಕಂಕುಳಿನಲ್ಲಿ ಹಸಿರು ಮೊಳಕೆಯೊಂದು ಕಾಣಿಸಿತು. ಹೊಸ ಬೇರಾಗಿದ್ದರೆ ತುದಿ ಮೊಂಡಾಗಿ ಕೆಳಗೆ ಬಾಗುತ್ತಿತ್ತು. ಇದು ಚೂಪಾಗಿತ್ತು. ಹೂದಂಟು. ನರಿಯ ಬಾಲದಂತೆ ಇಳಿಬೀಳುವ ಬಿಳಿ, ನಸುಗೆಂಪಿನ ಹೂಗೊಂಚಲು ಅದರಿಂದ ಬರುತ್ತದೆ. ತಂದೆ ಹೋದ ಮೇಲೆ ಅವರ ಗಿಡಗಳಲ್ಲಿ ಬಂದ ಮೊದಲ ದಂಟು ಅದು. ಅವರೇ ಕೈಯಾರೆ ಸಾಗವಾನಿ ಪಟ್ಟಿಗಳನ್ನು ತಂತಿಯಲ್ಲಿ ಕಟ್ಟಿ ಮಾಡಿದ ಬುಟ್ಟಿಯಲ್ಲಿ ಆ ಗಿಡವಿತ್ತು. ಸೊಸೆ ದಿನಾ ಬೆಳಗ್ಗೆ ಅದನ್ನು ನೋಡಿ, ನನಗೆ ಫೋನ್ ಮಾಡಿ, ಎಷ್ಟು ಬೆಳೆದಿದೆ ಎಂದು ಹೇಳತೊಡಗಿದಳು. ಮುಂದೆ ಕಾದಿದ್ದದ್ದು ಮೇ ತಿಂಗಳು. ಆ ಕೋಣೆಯಲ್ಲಿ ಮೇ ಕಳೆದರೆ ದಂಟು ಕಪ್ಪಾಗುವುದು ಖಂಡಿತ. ಗಿಡ ಉಳಿಯುವುದೂ ಅನುಮಾನ. ಅದಕ್ಕೇ ಸ್ಥಳಾಂತರ.

ನನ್ನ ಮನೆ ಲಿಂಗಸುಗೂರಿನ ಹಳೆಯ ದಂಡಿನ ಛಾವಣಿ ಭಾಗದಲ್ಲಿದೆ. ಹಿತ್ತಲಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ, ಅದರ ಮೇಲೆ ಹುಣಸೆಯ ನೆರಳು. ನೀರು ತಳದಲ್ಲಿದೆ. ಬಾವಿಯ ಬಾಯಿಗೆ ಅಡ್ಡಲಾಗಿ ಬಿದಿರು ಹಾಕಿ ಗಿಡಗಳನ್ನು ಒಳಗೆ ಇಳಿಬಿಟ್ಟರೆ ಕೆಳಗಿನಿಂದ ತಂಪು, ಮೇಲಿನಿಂದ ಗಾಳಿ. ನಮ್ಮ ಕಡೆಯ ಮನೆಗಳಲ್ಲಿ ಘಟ್ಟದ ಗಿಡಕ್ಕೆ ಒಗ್ಗುವಂಥ ಜಾಗ ನನಗೆ ಕಂಡದ್ದು ಇದೊಂದೇ.

ಗಿಡ ಕಟ್ಟುವ ಕೆಲಸ ಸರಿಯಾಗಿ ನಡೆಯಿತು. ಭಾನುವಾರದ ನಂತರ ನೀರು ಕೊಟ್ಟಿರಲಿಲ್ಲ. ಬೇರುಗಳು ಬೆಳ್ಳಗಾಗಿದ್ದವು. ಒಣಗಿದ ಬೇರು ಬಾಗುತ್ತದೆ, ನೆನೆದದ್ದು ಮುರಿಯುತ್ತದೆ. ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಟೊಮ್ಯಾಟೊ ತರುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಒತ್ತಾಗಿ ನಿಲ್ಲಿಸಿದೆವು. ದಂಟಿಗೆ ನೀರಿನ ಬಾಟಲಿಯೊಂದನ್ನು ಉದ್ದಕ್ಕೆ ಸೀಳಿ ಕವಚ ಮಾಡಿದೆ. ಚಾಲಕ ಅದನ್ನು ನೋಡಿ, ಕೈ ಮುರಿದವರಿಗೆ ಕಟ್ಟಿದಂಗ ಕಟ್ಟೀರಲ್ಲರಿ ಎಂದ. ಆರೂವರೆಗೆ ಗಾಡಿ ಸಿದ್ಧವಾಗಿತ್ತು.

ಹೊರಡುವಾಗ ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ಮಂಗಳವಾರ ಬದನಿಕಿ ಮನಿ ಬಿಟ್ಟು ಹೋಗಬಾರದು," ಎಂದರು. "ಲಕ್ಷ್ಮೀನ ಕೈ ಹಿಡದು ಹೊರಗ ಹಾಕಿದಂಗ ಆಗ್ತೈತಿ."

ನಮ್ಮ ಕಡೆ ಮರದ ಮೇಲೆ ಬೆಳೆದ ಇನ್ನೊಂದು ಗಿಡ ಯಾವುದೇ ಇರಲಿ, ಅದಕ್ಕೆ ಬದನಿಕೆ ಎಂದೇ ಹೆಸರು. ಮರದ ರಸ ಹೀರಿ ಬದುಕುವ ನಿಜವಾದ ಬದನಿಕೆಯೂ ಅದೇ, ಸೀತಾಳೆಯೂ ಅದೇ. ಅಮಾವಾಸ್ಯೆಯ ಬೆಳಗ್ಗೆ ಸ್ನಾನ ಮಾಡಿ, ಯಾರ ಜೊತೆಗೂ ಮಾತಾಡದೆ ತಂದ ಬದನಿಕೆಯ ತುಂಡನ್ನು ಗಲ್ಲಾದಲ್ಲಿ ಇಟ್ಟರೆ ವ್ಯಾಪಾರ ಕೂಡುತ್ತದೆಂದು ನಂಬುತ್ತಾರೆ. ಅತ್ತೆಯವರು ಇಷ್ಟು ವರ್ಷ ಗಾಜಿನ ಕೋಣೆಗೆ ಶುಕ್ರವಾರ ಊದುಬತ್ತಿ ಬೆಳಗಿದ್ದು ಸೊಸೆಯ ಮೇಲಿನ ಅಕ್ಕರೆಗೆಂದು ನಾನು ತಿಳಿದಿದ್ದೆ. ಅದು ಗಲ್ಲಾದ ಸಲುವಾಗಿ ಎಂದು ಆ ದಿನ ಗೊತ್ತಾಯಿತು.

ಇದು ಬದನಿಕೆಯಲ್ಲ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಂಗಾದರೆ ಬುಧವಾರ ಒಯ್ಯಿರಿ ಎಂದರು. ಸುತ್ತಿಟ್ಟ ಗಿಡ ಬುಧವಾರದವರೆಗೆ ಕಾಯುವುದಿಲ್ಲ. ಸೊಸೆ ತಲೆ ತಗ್ಗಿಸಿ ಗಾಡಿಯ ಪಕ್ಕ ನಿಂತಿದ್ದಳು. ಕೊನೆಗೆ ನನಗೆ ಅಂಗಳದ ಬೇವು ನೆನಪಾಯಿತು. ನಮ್ಮ ಸೀಮೆಯದೇ ಆದ ಆರ್ಕಿಡ್ ಒಂದಿದೆ. ಬೂದು ಬಣ್ಣದ ದಳದ ಮೇಲೆ ಕಂದು ಚೌಕುಳಿ, ನಡುವೆ ನೇರಳೆ ತುಟಿ, ಸಂಜೆಗೆ ಘಮ. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಸಿಕ್ಕಿದ್ದನ್ನು ಹಿಂದಿನ ವರ್ಷ ತಂದು ಆ ಬೇವಿಗೆ ಕಟ್ಟಿದ್ದೆ. ಬೂದಿ, ಬಿಸಿಲು ಎರಡನ್ನೂ ತಿಂದುಕೊಂಡು ಅದು ಬೇರು ಊರಿತ್ತು. ಈ ಊರಿನ ಅಂಗಳಕ್ಕೆ ಬೇಕಾದ ಗಿಡ ನಿಜವಾಗಿ ಅದೇ. ಅದು ಇಲ್ಲೇ ಇರುತ್ತದೆ ಎಂದು ತೋರಿಸಿದೆ. ಅತ್ತೆ ಮರದ ಸುತ್ತ ಹೋಗಿ ನೋಡಿ, ಒಪ್ಪಿ, ಅದಕ್ಕೆ ಕುಂಕುಮ ಹಚ್ಚಿ ದಾರಿ ಬಿಟ್ಟರು. ಅಷ್ಟರಲ್ಲಿ ಎಂಟು ದಾಟಿತ್ತು. ನಾನು ಕಲಿತ ಕೃಷಿ ಶಾಲೆಯಲ್ಲಿ ಆ ಹೊತ್ತಿಗೆ ಗಿಡ ಸಾಗಿಸುವ ಕೆಲಸ ಮುಗಿದು ಗಂಟೆ ಹೊಡೆದಿರುತ್ತಿತ್ತು.

ನಾವು ಮೂವರೂ ಸಿಂಧನೂರು ಬಿಟ್ಟು ಮಸ್ಕಿಯ ಅರ್ಧ ದಾರಿಗೆ ಬಂದಿರಬಹುದು. ಮುಂದೆ ವಾಹನಗಳು ನಿಂತಿದ್ದವು. ಚಾಲಕ ಇಳಿದು ಹೋಗಿ ಬಂದು, ರಸ್ತೆ ಬಂದ್ ಎಂದ. ಕಾಲುವೆಯ ಕೊನೆ ಭಾಗದ ಹಳ್ಳಿಯವರು ರಸ್ತೆಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿ ಕೂತಿದ್ದರು. ಮೇಲಿನವರಿಗೆ ನೀರು ಸಿಕ್ಕಿದೆ, ಇವರ ಭತ್ತ ಕಾಳು ಕಟ್ಟುವ ಹೊತ್ತಿಗೆ ಕಾಲುವೆ ಒಣಗಿದೆ. ಇನ್ನೊಂದು ಸಲ ನೀರು ಬಂದರೆ ಬೆಳೆ, ಇಲ್ಲದಿದ್ದರೆ ಜೊಳ್ಳು.

ಹಿಂದಕ್ಕೆ ಹೋಗೋಣವೆಂದರೆ ನಮ್ಮ ಬೆನ್ನಿಗೆ ಭತ್ತದ ಲಾರಿಗಳು ಬಂದು ನಿಂತಿದ್ದವು. ಒಂದು ಬದಿಗೆ ಕಾಲುವೆಯ ಏರಿ, ಇನ್ನೊಂದು ಬದಿಗೆ ಆಳವಾದ ಚರಂಡಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಾಡಿಯ ಹಿಂಭಾಗ ತಗಡಿನ ಪೆಟ್ಟಿಗೆ. ಒಳಗೆ ತೂಗುಹಾಕಿದ್ದ ಉಷ್ಣಮಾಪಕವನ್ನು ನೋಡಿದೆ. ಗಾಜಿನ ಕೋಣೆಯ ಅತಿ ಕೆಟ್ಟ ಮಧ್ಯಾಹ್ನವನ್ನು ಅದು ಆಗಲೇ ದಾಟಿತ್ತು. ಹಿಂದಿನ ಬಾಗಿಲು ತೆರೆದಿಟ್ಟೆ. ಒಳಗೆ ಬಂದದ್ದು ಬಿಸಿ ಗಾಳಿ.

ಸೊಸೆ ಪೆಟ್ಟಿಗೆಯೊಳಗೆ ಹತ್ತಿ, ದಂಡೆಯ ಬುಟ್ಟಿಗೆ ತನ್ನ ನೆರಳು ಬೀಳುವಂತೆ ಕುಳಿತಳು. ಇಳಿ ಎಂದರೆ ಇಳಿಯಲಿಲ್ಲ.

"ಕಾಕಾರ, ಹತ್ತು ನಿಮಿಷದಾಗ ಬಿಡ್ತಾರೇನ್ರಿ?" ಎಂದಳು.

ಬಿಡುವುದಿಲ್ಲ ಎಂದೆ. ಸುಳ್ಳು ಸಮಾಧಾನ ನನಗೆ ಬರುವುದಿಲ್ಲ.

ನಾವು ಮಾತಾಡುತ್ತಿದ್ದಂತೆ ಚಾಲಕ ತನ್ನದೇ ಬುದ್ಧಿ ಓಡಿಸಿದ. ಟ್ರ್ಯಾಕ್ಟರಿನ ಹತ್ತಿರ ಹೋಗಿ, ಗಾಡಿಯಲ್ಲಿ ದವಾಖಾನೆಯ ಸಾಮಾನಿದೆ, ಒಬ್ಬರ ಜೀವದ ಪ್ರಶ್ನೆ, ಬದನಿಕೆ ಔಷಧ ಎಂದು ಹೇಳಿಬಿಟ್ಟ. ಬೆಳಗ್ಗೆ ಅತ್ತೆಯ ಬಾಯಲ್ಲಿ ಕೇಳಿದ ಮಾತು ಅವನ ನಾಲಗೆಯ ಮೇಲೆಯೇ ಇತ್ತು.

ಅವನ ಹಿಂದೆ ಒಂದು ಗುಂಪೇ ಬಂತು. ಗಾಡಿಗೆ ದಾರಿ ಬಿಡಲು ಅಲ್ಲ, ಬದನಿಕೆಗೆ. ಯಾವ ಮರದ್ದು, ಅಮಾವಾಸ್ಯೆಯಲ್ಲಿ ತೆಗೆದದ್ದೋ ಅಲ್ಲವೋ, ಒಂದು ತುಂಡು ಕೊಡಬಹುದೋ ಎಂದು ಕೇಳಿದರು. ಒಬ್ಬಾತ ಕ್ರೇಟಿಗೆ ಕೈಹಾಕಿ ಪೇಪರು ಬಿಚ್ಚಿ, ಎಲೆಯೊಂದನ್ನು ಮುರಿದು ಅಂಗಿಯ ಜೇಬಿಗೆ ಹಾಕಿಕೊಂಡ. ಸೊಸೆ ಬುಟ್ಟಿಯನ್ನು ಎದೆಗೆ ಒತ್ತಿ ಮೂಲೆಗೆ ಸರಿದಳು.

ನನ್ನ ಮುಂದಿದ್ದ ದಾರಿಗಳನ್ನು ಎಣಿಸಿದೆ. ಬದನಿಕೆ ಎಂದರೆ ಮಧ್ಯಾಹ್ನದೊಳಗೆ ಗಿಡಗಳು ತುಂಡು ತುಂಡಾಗಿ ಜೇಬು ಸೇರುತ್ತವೆ. ಹೂವಿನ ಗಿಡ ಎಂದರೆ, ನೀರಿಗಾಗಿ ರಸ್ತೆಯಲ್ಲಿ ಕೂತವರ ಮುಂದೆ ಸಾಹುಕಾರರ ಮನೆಯ ಹೂವಿನ ಮಾತು. ಯಾವುದನ್ನೂ ಹೇಳದಿದ್ದರೆ ತಗಡಿನೊಳಗೆ ಬೇಯುತ್ತವೆ. ಮೂರರಲ್ಲಿ ಯಾವುದೂ ಬೇಡ ಎಂದು ನಿರ್ಧರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಲು ನಡೆದೆ.

ರಸ್ತೆ ಬದಿಯ ದೊಡ್ಡ ಬೇವಿನ ಕೆಳಗೆ ಶಾಮಿಯಾನ ಹಾಕಿದ್ದರು. ಗಂಡಸರಲ್ಲಿ ಮುಂದಾಳಾಗಿದ್ದವನು ಹಸಿರು ಟವೆಲ್ಲು ಹೊದ್ದ ನಡುವಯಸ್ಸಿನವ. ಹೆಂಗಸರ ಕಡೆ ಮಾತು ನಡೆಸುತ್ತಿದ್ದವಳು ತಲೆಗೆ ಸೆರಗು ಬಿಗಿದ, ನನಗಿಂತ ಚಿಕ್ಕವಳಾದ ಒಬ್ಬಾಕೆ. ನಾನು ಕೈಮುಗಿದು ಹೇಳಿದೆ. ಅದು ಔಷಧವಲ್ಲ, ಬದನಿಕೆಯೂ ಅಲ್ಲ. ಗಲ್ಲಾದಲ್ಲಿಟ್ಟರೆ ಒಣಗಿ ಪುಡಿಯಾಗುತ್ತದೆ, ಅಷ್ಟೆ. ಒಬ್ಬ ಹೆಣ್ಣುಮಗಳಿಗೆ ಅವಳಪ್ಪ ಬಿಟ್ಟುಹೋದ ಕಾಡುಗಿಡಗಳು. ತಗಡಿನೊಳಗೆ ಸಾಯುತ್ತಿವೆ. ನಿಮ್ಮಿಂದ ನೀರು ಬೇಡ, ಗಾಡಿ ಬಿಡುವುದೂ ಬೇಡ. ಈ ಬೇವಿನ ನೆರಳಿನಲ್ಲಿ ತೂಗುಹಾಕಲು ಬಿಡಿ.

ಹಸಿರು ಟವೆಲ್ಲಿನವನು ಚಾಲಕನ ಕಡೆ ನೋಡಿ ನಕ್ಕ. ಆಕೆ ನಗಲಿಲ್ಲ.

"ಯಾರ ಮನಿದು, ತಾತ?"

ಗಿರಣಿಯ ಹೆಸರು ಹೇಳಿದೆ.

"ನಮ್ಮ ಭತ್ತ ಹಸಿ ಐತಿ, ಜೊಳ್ಳೈತಿ ಅಂತ ತೂಕ ಮುರೀತಾರಲ್ಲ, ಆ ಗಿರಣಿ ಏನು? ಛಲೋ ಆತು. ಅವರ ಗಿಡಕ್ಕ ನೆಳ್ಳು ಬೇಕು, ನಮ್ಮ ಗಿಡಕ್ಕ ಬಿಸಿಲು ಸಾಕು."

ಹಿಂದೆ ತಿರುಗಿ ನೋಡಿದರೆ ಸೊಸೆ ಬುಟ್ಟಿ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಮುಖ ಕೆಂಪಗಾಗಿತ್ತು.

"ತೂಕ ಮುರಿಯೂದು ಖರೇ ಐತ್ರಿ ಅವ್ವಾ," ಎಂದಳು. "ನಾ ಅಲ್ಲಿ ಮಾತಾಡೂ ಹಂಗಿಲ್ಲ. ಈ ಗಿಡ ಗಿರಣೀದಲ್ಲ. ನಮ್ಮಪ್ಪಂದು."

ಆ ಮನೆಯಲ್ಲಿ ಕೆಲಸ ಮಾಡಿದ ಇಷ್ಟು ದಿನದಲ್ಲಿ ಅವಳ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ. ಸೆರಗು ಬಿಗಿದಾಕೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮರ ಯಾರಪ್ಪನ ಸ್ವಂತದ್ದಲ್ಲ, ಕಟ್ಟಿಕೊಳ್ಳಿ ಎಂದಳು. ಗಾಡಿ ಮಾತ್ರ ಸಂಜೆಯವರೆಗೂ ಅಲ್ಲಾಡುವುದಿಲ್ಲ, ನೀವೂ ನಮ್ಮ ಜೊತೆ ಕೂರಬೇಕು ಎಂದೂ ಸೇರಿಸಿದಳು.

ಕಟ್ಟಿದ ಗಿಡವನ್ನು ದಾರಿಯಲ್ಲಿ ಬಿಚ್ಚಬಾರದು ಎಂಬುದು ನಾನು ಶಾಲೆಯಿಂದ ಪಾಲಿಸಿಕೊಂಡು ಬಂದ ನಿಯಮ. ಬಿಚ್ಚಿದರೆ ಬೇರು ಮುರಿಯುತ್ತದೆ, ಮತ್ತೆ ಕಟ್ಟುವಾಗ ಇನ್ನಷ್ಟು ಮುರಿಯುತ್ತದೆ. ಆ ದಿನ ಅದನ್ನು ಮುರಿದೆ. ಹಗ್ಗವನ್ನು ಕೊಂಬೆಯಿಂದ ಕೊಂಬೆಗೆ ಎಳೆದು ಕಟ್ಟಿ, ಒಂದೊಂದೇ ಬುಟ್ಟಿಯನ್ನು ಅದರ ತಂತಿಯ ಕೊಕ್ಕೆಯಿಂದ ತೂಗುಹಾಕಿದೆ. ಬಿಸಿಗಾಳಿ ಬರುವ ದಿಕ್ಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕಿತ್ತು. ಗಾಡಿಯಲ್ಲಿ ಒಂದು ಕ್ಯಾನ್ ನೀರಿತ್ತು. ಅಷ್ಟು ಜನ ಬಾಯಾರಿ ಕೂತಿರುವಾಗ ಗೋಣಿಗೆ ನೀರು ಸುರಿಯಲು ಕೈ ಏಳಲಿಲ್ಲ. ಕ್ಯಾನನ್ನು ಶಾಮಿಯಾನದೊಳಗೆ ಇಟ್ಟು, ಒಣ ಗೋಣಿಯನ್ನೇ ಕಟ್ಟಿದೆ.

ಆಮೇಲೆ ಮಾಡಲು ಕೆಲಸವಿರಲಿಲ್ಲ. ಇದು ನನಗೆ ಬಿಸಿಲಿಗಿಂತ ಕಷ್ಟ. ಎದ್ದು ಬೇರು ಮುಟ್ಟಿ ನೋಡುವುದು, ಕೂರುವುದು. ನೆರಳು ಸರಿದಂತೆ ಹಗ್ಗ ಸರಿಸುವುದು, ಕೂರುವುದು. ಎಲೆ ಮುರಿದಾತ ಬಂದು ಜೇಬಿನಿಂದ ಎಲೆಯನ್ನು ಹಿಂದಕ್ಕೆ ಕೊಟ್ಟ. ಮತ್ತ ನೆಲದಾಗ ಹಚ್ಚಾಕ ಬರ್ತೈತೇನ್ರಿ ಎಂದು ಕೇಳಿದ. ಬರುವುದಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಪಕ್ಕದ ಹೊಲದ ಮರದಿಂದ ನಿಜವಾದ ಬದನಿಕೆಯನ್ನು ತೋಳಿನ ತುಂಬ ಕಿತ್ತು ತಂದು, ಇದನ್ನ ಇಟ್ಟುಕೊಳ್ಳಿ, ಬರಾಬರ್ ಆಯಿತು ಎಂದ. ಸರಿ ಎಂದು ತೆಗೆದುಕೊಂಡೆ.

ಊಟದ ಹೊತ್ತಿಗೆ ರೊಟ್ಟಿ, ಪುಂಡಿ ಪಲ್ಯ ಬಂತು. ಸೊಸೆ ಹೆಂಗಸರ ನಡುವೆ ಕೂತು ಬಡಿಸುತ್ತಿದ್ದಳು. ನಾನು ಮರಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದೆ. ಮೇಲೆ ತೊಟ್ಟಿಕ್ಕುವ ಸದ್ದು ಕೇಳಿ ತಿರುಗಿದೆ.

ಸೆರಗು ಬಿಗಿದಾಕೆ ತುದಿಗಾಲಲ್ಲಿ ನಿಂತು ತನ್ನ ಬಾಟಲಿಯ ನೀರನ್ನು ಸೀತಾಳೆ ದಂಡೆಯ ನಟ್ಟನಡುವೆ ಸುರಿಯುತ್ತಿದ್ದಳು. ಬಾಟಲಿಗೆ ಸುತ್ತಿದ ಬಟ್ಟೆ ಒಣಗಿತ್ತು. ಬೆಳಗಿನಿಂದ ಅವಳು ಗುಟುಕು ಗುಟುಕಾಗಿ ಉಳಿಸಿಕೊಂಡ ನೀರು ಅದು.

"ನಾವೆಲ್ಲಾ ಕುಡದ್ವಿ, ತಾತ," ಎಂದಳು. "ಅದೊಂದನ್ಯಾಕ ಉಪಾಸ ಇಡಬೇಕು?"

ಈ ಜಾತಿಗೆ ಒಂದೇ ಸುಳಿ. ಎಲ್ಲ ಎಲೆಗಳೂ ಅಲ್ಲಿಂದಲೇ ಹುಟ್ಟುತ್ತವೆ. ಕಾಡಿನಲ್ಲಿ ಗಿಡ ಮರದಿಂದ ಓರೆಯಾಗಿ ಬಾಗಿರುತ್ತದೆ, ಬಿದ್ದ ಮಳೆ ಜಾರಿಹೋಗುತ್ತದೆ. ಬುಟ್ಟಿಯಲ್ಲಿ ನೆಟ್ಟಗೆ ನಿಂತದ್ದರ ಸುಳಿ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಅಂಥ ಬಿಸಿಲಿನಲ್ಲಿ ಸುಳಿಯ ನೀರು ಕಾಯುತ್ತದೆ. ಮುಂದೆ ಮತ್ತೆ ಮುಚ್ಚಿದ ಗಾಡಿ ಸೇರಿದರೆ ಕೊಳೆ ಹತ್ತುವುದು ನಿಶ್ಚಿತ. ಸುಳಿ ಕೊಳೆತರೆ ಗಿಡವೂ ಇಲ್ಲ, ದಂಟೂ ಇಲ್ಲ. ನಡುಮಧ್ಯಾಹ್ನ ನೀರು ಹಾಕಬೇಡಿ, ಸುಳಿಗೆ ಎಂದೂ ಹಾಕಬೇಡಿ. ಈ ಎರಡು ಮಾತನ್ನು ನಾನು ಗಿಡ ಸಾಕುವವರಿಗೆ ಹೇಳುವ ರೀತಿಗೆ ಹಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಆ ಮಾತು ಬಾಯಿಗೆ ಬಂತು. ಅವಳ ಕೈಯ ಬಾಟಲಿ ಖಾಲಿಯಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಸೊಸೆಯೂ ನೋಡಿದ್ದಳು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಎದ್ದಳು. ಸುಳಿಗೆ ನೀರು ಬಿದ್ದರೆ ಏನಾಗುತ್ತದೆಂದು ಅವಳಿಗೆ ನಾನೇ ಕಲಿಸಿದ್ದೆ. ನನ್ನ ಮುಖ ನೋಡಿದಳು. ನಂತರ ಆಕೆಯ ಕೈಯಿಂದ ಖಾಲಿ ಬಾಟಲಿ ತೆಗೆದುಕೊಂಡು, ಕುಂದರ್ರಿ ಅವ್ವಾ, ರೊಟ್ಟಿ ಆರಾಕತ್ತೈತಿ ಎಂದು ಹೇಳಿ ಶಾಮಿಯಾನದೊಳಕ್ಕೆ ಕರೆದೊಯ್ದಳು. ಆಕೆಯ ಬೆನ್ನು ನನ್ನ ಕಡೆ ಇರುವಂತೆ ಕೂರಿಸಿದಳು.

ಬುಟ್ಟಿಯನ್ನು ನೆರಳು ಬದಲಿಸುವವನಂತೆ ಇಳಿಸಿ, ಮರದ ಹಿಂದೆ ಹೋದೆ. ದಂಟಿಗೆ ಪೆಟ್ಟಾಗದಂತೆ ಕೈಕೊಟ್ಟು ಗಿಡವನ್ನು ತಲೆಕೆಳಗು ಮಾಡಿದೆ. ನೀರು ಒಂದಿಷ್ಟು ಇಳಿಯಿತು, ಉಳಿದದ್ದು ಎಲೆಗಳ ಸಂದಿಯಲ್ಲಿ ನಿಂತಿತು. ಪಂಚೆಯ ಅಂಚಿನ ನೂಲು ಹಿರಿದು, ಹೊಸೆದು, ಬತ್ತಿಯಂತೆ ಸಂದಿಗೆ ಇಳಿಸಿ ಹೀರಿಸಿದೆ. ಒದ್ದೆಯಾದ ಬತ್ತಿ ತೆಗೆದು ಒಣ ಬತ್ತಿ ಇಟ್ಟೆ. ಬತ್ತಿ ಒಣಗಿ ಬರುವವರೆಗೂ ಹೀಗೇ ಮಾಡಿದೆ. ಕೊನೆಗೆ ಬುಟ್ಟಿಯನ್ನು ಮೊದಲಿನ ಜಾಗಕ್ಕೆ ಕಟ್ಟಿದೆ, ಆದರೆ ಓರೆಯಾಗಿ. ಯಾಕೆ ಓರೆ ಎಂದು ಸೆರಗು ಬಿಗಿದಾಕೆ ಕೇಳಿದಳು. ಕಾಡಿನಲ್ಲಿ ಹೀಗೇ ಇರುತ್ತದೆ ಎಂದೆ. ಅದು ನಿಜವೇ ಆಗಿತ್ತು.

ಹೊತ್ತು ಇಳಿಯುವಾಗ ಕಾಲುವೆಯ ಅಧಿಕಾರಿ ಜೀಪಿನಲ್ಲಿ ಬಂದರು. ಅವರೂ ದಣಿದಿದ್ದರು. ಮೊದಲು ಕಣ್ಣಿಗೆ ಬಿದ್ದದ್ದು ಬೇವಿನ ತುಂಬ ಬೇರು ಇಳಿಬಿಟ್ಟು ನೇತಾಡುತ್ತಿದ್ದ ಗಿಡಗಳು. ಇದೇನು, ಗಿಡ ಯಾಕೆ ತೂಗುಹಾಕಿದ್ದೀರಿ ಎಂದರು.

ಹಸಿರು ಟವೆಲ್ಲಿನವನು ಒಂದು ಗಳಿಗೆ ನನ್ನನ್ನು ನೋಡಿದ. ಮತ್ತೆ ಗಿಡಗಳನ್ನು ನೋಡಿದ.

"ನೋಡ್ರಿ ಸಾಹೇಬ್ರ. ಬೇರು ಗಾಳ್ಯಾಗ ಅದಾವು. ನೀರಿಲ್ಲದ ಗಿಡ ಹಿಂಗ ಜೋತು ಬೀಳ್ತಾವು. ನಮ್ಮ ಹೊಲದಾಗಿನ ಪೈರೂ ಹಿಂಗ."

ಸುತ್ತಲಿನವರು ಹೌದು ಹೌದು ಎಂದರು. ಯಾರೋ ಮೊಬೈಲಿನಲ್ಲಿ ಫೋಟೊ ಹಿಡಿದರು. ನನ್ನ ಸೀತಾಳೆಗಳು ಅವರ ಧರಣಿಯ ಸಾಕ್ಷಿಗಳಾಗಿದ್ದವು. ತಪ್ಪು ಮಾತಿಗೆ ಜನ 'ಹೌದು' ಎಂದರೆ ತಿದ್ದದೆ ಬಿಡುವ ಅಭ್ಯಾಸ ನನಗಿಲ್ಲ. ಆರ್ಕಿಡ್ಡಿನ ಬೇರು ಗಾಳಿಯಲ್ಲೇ ಇರಬೇಕು ಎಂದು ನಾನು ಒಂದು ಮಾತು ಹೇಳಿದರೆ ಅವರ ಇಡೀ ದಿನ ನಗೆಪಾಟಲಾಗುತ್ತಿತ್ತು. ಹೇಳದಿದ್ದರೆ ಸುಳ್ಳಿಗೆ ನಾನೂ ಸೇರಿದಂತಾಗುತ್ತಿತ್ತು. ಅಧಿಕಾರಿ ನೇರವಾಗಿ ನನ್ನ ಕಡೆಗೇ ತಿರುಗಿದರು.

"ಯಜಮಾನ್ರ, ಇವಕ್ಕ ನೀರು ಕೊಟ್ಟು ಎಷ್ಟು ದಿನ ಆತು?"

"ಭಾನುವಾರ ಮುಂಜಾನಿ ಕೊಟ್ಟಿದ್ದೆರಿ."

"ಇನ್ನೂ ತಡೀತಾವೇನು?"

ಸೆರಗು ಬಿಗಿದಾಕೆ ನನ್ನನ್ನೇ ನೋಡುತ್ತಿದ್ದಳು.

"ಇವು ತಡೀತಾವ್ರಿ," ಎಂದೆ. "ಭತ್ತ ತಡಿಯೂದಿಲ್ಲ. ಕಾಳು ಹಾಲು ತುಂಬೂ ಹೊತ್ತಿನ್ಯಾಗ ಒಮ್ಮೆ ಒಣಗಿತಂದ್ರ ಆಮ್ಯಾಲೆ ಕಾಲುವೀನೇ ಹೊಲಕ್ಕ ಬಂದ್ರೂ ಜೊಳ್ಳು ಗಟ್ಟಿಯಾಗೂದಿಲ್ಲ."

ಅಧಿಕಾರಿ ಜೀಪಿನ ಆಚೆ ಹೋಗಿ ಬಹಳ ಹೊತ್ತು ಫೋನಿನಲ್ಲಿದ್ದರು. ಆ ಸಂಜೆಯೇ ಗೇಟು ಎತ್ತಿಸುವುದಾಗಿ ಬಂದು ಹೇಳಿದರು. ಬಾಯಿಮಾತಿಗೆ ಇವರು ಏಳಲಿಲ್ಲ. ಇಬ್ಬರನ್ನು ಜೀಪಿನಲ್ಲಿ ಗೇಟಿನವರೆಗೆ ಕಳಿಸಿ, ನೀರು ಬಿಟ್ಟದ್ದನ್ನು ಅವರು ಕಣ್ಣಾರೆ ಕಂಡು ಫೋನ್ ಮಾಡಿದ ಮೇಲೆಯೇ ಟ್ರ್ಯಾಕ್ಟರ್ ಸರಿಸಿದರು. ಆಗ ಸೂರ್ಯ ಮುಳುಗುತ್ತಿದ್ದ.

ಗಿಡಗಳನ್ನು ಮತ್ತೆ ಸುತ್ತಿದೆವು. ಬೇರುಗಳು ಕೆಲವು ಮುರಿದವು. ಎಲೆ ಮುರಿದಾತನೇ ಕ್ರೇಟು ಹೊತ್ತು ತಂದ. ಸೆರಗು ಬಿಗಿದಾಕೆ ಕೊನೆಗೆ ಸೊಸೆಯ ಹತ್ತಿರ ಬಂದು, ಆ ಹೂ ಬಿಟ್ಟರೆ ನೋಡಲು ಬರಬಹುದೇ ಎಂದು ಕೇಳಿದಳು. ಲಿಂಗಸುಗೂರಿಗೆ ಬರ್ರಿ, ಇವರ ಮನೆಯಲ್ಲಿರುತ್ತದೆ ಎಂದು ಸೊಸೆ ನನ್ನನ್ನು ತೋರಿಸಿದಳು.

ದಂಡೆಯನ್ನು ನಾನು ಸುತ್ತಲಿಲ್ಲ. ಸೊಸೆ ಮುಂದಿನ ಸೀಟಿನಲ್ಲಿ, ಕಿಟಕಿಯ ಗಾಳಿಗೆ, ಬುಟ್ಟಿಯನ್ನು ತೊಡೆಯ ಮೇಲೆ ಓರೆಯಾಗಿ ಹಿಡಿದು ಕೂತಳು. ನಾನು ಹಿಂದೆ ಕ್ರೇಟುಗಳ ಜೊತೆ ಹತ್ತಿದೆ.

ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಕಿರಾಣಿ ಅಂಗಡಿಯಲ್ಲಿ ದಾಲ್ಚಿನ್ನಿ ಪುಡಿ ಕೇಳಿದೆ. ಕೊಳೆ ತಡೆಯಲು ಅದಕ್ಕಿಂತ ಸುಲಭವಾಗಿ ಸಿಗುವುದು ಬೇರೆ ಇಲ್ಲ. ಅಂಗಡಿಯವರು ಹಣೆಗೆ ವಿಭೂತಿ ಹಚ್ಚಿ ದೀಪದ ಹೊತ್ತಿನ ಪೂಜೆಯಲ್ಲಿದ್ದರು. ಏನು ಮಸಾಲೆ ಅರೆಯುತ್ತೀರಿ ಎಂದು ಕೇಳಿದರು. ಗಾಡಿಯಲ್ಲಿ ಉಳಿದಿದ್ದ ಬದನಿಕೆಯ ಹೊರೆ ನೆನಪಾಗಿ, ಬೇಕೇ ಎಂದೆ. ಯಾವ ಮರದ್ದು ಎಂದು ಕೇಳಿ, ಒಂದು ಕಡ್ಡಿ ಆರಿಸಿ ಗಲ್ಲಾದಲ್ಲಿ ಇಟ್ಟುಕೊಂಡರು. ಅಮಾವಾಸ್ಯೆಯದಲ್ಲ ಎಂದು ನಾನು ತಿಳಿಸಿಯೇ ಕೊಟ್ಟೆ.

ಲಿಂಗಸುಗೂರು ಮುಟ್ಟಿದಾಗ ಕತ್ತಲಾಗಿತ್ತು. ಬಾವಿಯ ಮೇಲಿನ ಬಿದಿರುಗಳನ್ನು ಹಿಂದಿನ ವಾರವೇ ಕಟ್ಟಿಟ್ಟಿದ್ದರಿಂದ ತಡವಾಗಲಿಲ್ಲ. ಚಾಲಕ ದೀಪ ಹಿಡಿದ. ಸೊಸೆ ಒಂದೊಂದೇ ಗಿಡ ಕೈಗೆ ಕೊಟ್ಟಳು, ನಾನು ಕೊಕ್ಕೆ ಸಿಕ್ಕಿಸಿದೆ. ಬಾವಿಯಿಂದ ಏಳುತ್ತಿದ್ದ ತಂಪು ಮುಂಗೈಗೆ ತಾಗುತ್ತಿತ್ತು.

ಕೊನೆಗೆ ದಂಡೆ. ದೀಪ ಹತ್ತಿರ ತರಿಸಿ ಸುಳಿಗೆ ಹೊಸ ಬತ್ತಿ ಇಳಿಸಿದೆ. ಒಣಗಿಯೇ ಬಂತು. ಎಲೆಗಳ ಬುಡ ಒತ್ತಿ ನೋಡಿದೆ. ಮೆತ್ತಗಾಗಿರಲಿಲ್ಲ, ಆದರೆ ಕೊಳೆ ಹತ್ತಿದೆಯೋ ಇಲ್ಲವೋ ತಿಳಿಯಲು ಇನ್ನೂ ಕೆಲವು ದಿನ ಬೇಕು. ದಂಟಿನ ತುದಿ ಹಸಿರಾಗಿತ್ತು. ದಾಲ್ಚಿನ್ನಿ ಪುಡಿಯನ್ನು ಬೆರಳ ತುದಿಯಲ್ಲಿ ಚಿಟಿಕೆಯಷ್ಟೇ ಸಂದಿಗೆ ಉದುರಿಸಿ, ಗಿಡವನ್ನು ಕಲ್ಲಿನ ಗೋಡೆಯಿಂದ ಹೊರಬಾಗಿದಂತೆ ಓರೆಯಾಗಿ ಕಟ್ಟಿದೆ.

"ಉಳೀತೈತೇನ್ರಿ ಕಾಕಾರ?"

"ನಾಳೆ ನೋಡೂಣವ್ವಾ. ನಾಡಿದ್ದೂ ನೋಡೂಣು."

ರಾತ್ರಿ ನೀರು ಕೊಡುವುದು ನನ್ನ ಪದ್ಧತಿಯಲ್ಲ. ಆದರೆ ಅಂಥ ದಿನದ ನಂತರ ಬೇರುಗಳನ್ನು ಬೆಳಗಿನವರೆಗೆ ಕಾಯಿಸಲು ಆಗುವುದಿಲ್ಲ. ಬಾವಿಯಿಂದ ಒಂದು ಕೊಡ ಸೇದಿ ಬಕೆಟ್ಟಿಗೆ ಸುರಿದು, ಎಲೆಗೆ ತಾಗದಂತೆ ಒಂದೊಂದರ ಬೇರನ್ನಷ್ಟೇ ಅದ್ದಿ ತೆಗೆದೆ. ಬಿಳಿಯ ಬೇರುಗಳು ನೋಡುತ್ತಿದ್ದಂತೆ ಹಸಿರಾದವು. ಸಾಲಿನ ಕೊನೆಗೆ, ದಂಡೆಯ ಬುಟ್ಟಿಗೆ ಬಂದಾಗ ಸೊಸೆ ಬಕೆಟ್ ಎತ್ತಿ ಹಿಡಿದಳು. ಬೇಡ ಎಂದು ಕೈ ಸನ್ನೆ ಮಾಡಿ ನೀರನ್ನು ಹುಣಸೆಯ ಬುಡಕ್ಕೆ ಚೆಲ್ಲಿದೆ. ಆ ಗಿಡಕ್ಕೆ ಅಂದಿನ ನೀರು ಆಗಲೇ ಸಂದಿತ್ತು.